ಶಾಂತಿ ಮೇಷ್ಟ್ರು ಮತ್ತು ಮೊಟ್ಟೆಯ ಸೌಟು

ಎಲ್ಲದಕ್ಕೂ ಕಾರಣ ಒಂದು ಸೌಟು. ಮೊಟ್ಟೆ ಬೇಯುತ್ತಿದ್ದ ಪಾತ್ರೆಯಲ್ಲಿ ಆಡಿಸಿದ ಸೌಟನ್ನೇ ಅಡುಗೆಯ ಕೊಂಡಮ್ಮ ಬಿಸಿಯೂಟದ ಸಾಂಬಾರಿಗೂ ಹಾಕಿಬಿಟ್ಟಳು.

"ಮೊಟ್ಟೆ ಬೇಡ ಅಂತ ಬಾಳೆಹಣ್ಣು ತಗೊಳ್ಳೋ ಮಕ್ಕಳು ಇದನ್ನ ಹೆಂಗೆ ತಿಂತಾರೆ?" ಎಂದು ಜೊತೆಯ ಅಡುಗೆಯವಳು ಗಂಗುಲಮ್ಮ ಬಾಗಿಲಿಗೆ ಅಡ್ಡ ನಿಂತಳು.

ಸಾದಲಿ ಕಡೆಯ ಆ ಶಾಲೆಯಲ್ಲಿ ಶಾಂತಿ, ಸಹಬಾಳ್ವೆಯ ಉಸ್ತುವಾರಿ ಪುಟ್ಟಸ್ವಾಮಯ್ಯ ಮೇಷ್ಟ್ರದು. ಪಾಪ, ಬೇಡ ಬೇಡವೆಂದರೂ ತಲೆಗೆ ಕಟ್ಟಿದ್ದರು. ಅವತ್ತೇ ಅಧಿಕಾರಿ ಶಾಂಭವಿ ಮೇಡಂ ತನಿಖೆಗೆ ಬರುವವರಿದ್ದರು. ಅವರು ಮನಸ್ಸು ಮಾಡಿದರೆ ಮೇಷ್ಟ್ರಿಗೆ ಹೆಂಡತಿ ಮಕ್ಕಳಿರುವ ಗೌರಿಬಿದನೂರಿಗೆ ವರ್ಗ. ಜಗಳ ಕಂಡರೋ, ಆ ಆಸೆಗೆ ಎಳ್ಳುನೀರು.

"ಅಮ್ಮಾ ತಾಯಂದಿರಾ, ಕೈ ಮುಗೀತೀನಿ. ಮೇಡಂ ಹೋಗೋವರ್ಗೂ ಸುಮ್ನಿರಿ."

"ನಾನು ಸುಮ್ನೇ ಇದೀನಲ್ಲ ಸಾ, ಇವಳಿಗೆ ಹೇಳಿ" ಅಂದಳು ಕೊಂಡಮ್ಮ.

ಜಗಳ ಕನ್ನಡದಲ್ಲಿರುವವರೆಗೆ ಮೇಷ್ಟ್ರಿಗೆ ಧೈರ್ಯವಿತ್ತು. ಆ ಊರಲ್ಲಿ ಅದು ತೆಲುಗಿಗೆ ಹೊರಳಿತೋ, ದೇವರೇ ಗತಿ.

"ಏಮೇ, ಎವರಿಕಿ ಚೆಪ್ತಾವು!" ಯಾರಿಗೆ ಹೇಳ್ತೀಯೇ ಎಂದು ತೆಲುಗಿನಲ್ಲೇ ಗುಡುಗಿ ಗಂಗುಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೊಂಡಮ್ಮನ ಸೌಟು ಮೇಲೆದ್ದಿತು. ನಡುವೆ ನುಗ್ಗಿದ ಮೇಷ್ಟ್ರ ಬಿಳಿ ಶರ್ಟಿಗೆ ಸಾಂಬಾರಿನ ಅಭಿಷೇಕವಾಯಿತು. ಮೊಟ್ಟೆಯ ಮಕ್ಕಳೂ ಬಾಳೆಹಣ್ಣಿನ ಮಕ್ಕಳೂ ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಬಾಗಿಲಲ್ಲಿ ಶಾಂಭವಿ ಮೇಡಂ!

"ಏನ್ರೀ ಇದು?"

"ನಾ... ನಾಟಕ ಮೇಡಂ! ಜಗಳ ಎಷ್ಟು ಕೆಟ್ಟದ್ದು ಅಂತ ಮಕ್ಕಳಿಗೆ ತೋರಿಸ್ತಿದ್ವಿ. ಈಗ ರಾಜಿ ಸೀನು!"

ಕೆಲಸ ಹೋದೀತೆಂಬ ಭಯಕ್ಕೆ ಅಡುಗೆಯವರಿಬ್ಬರೂ ಗಬಕ್ಕನೆ ತಬ್ಬಿಕೊಂಡರು. ತಬ್ಬಿಕೊಂಡವರಿಗೆ ಅದೇನಾಯಿತೋ, ಗೊಳೋ ಎಂದು ಅತ್ತರು. ಮೇಡಂ ಕಣ್ಣೂ ಒದ್ದೆಯಾಯಿತು.

"ಎಂಥಾ ಸಹಜ ಅಭಿನಯ ರೀ!"

ಉಸ್ಸಪ್ಪಾ! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕಣ್ಣೆದುರು ಗೌರಿಬಿದನೂರೇ ಬಂದು ನಿಂತಿತು. ಸಂತೋಷಕ್ಕೆ ಶರ್ಟಿನ ಸಾಂಬಾರು ಒರೆಸಿಕೊಳ್ಳುವುದನ್ನೂ ಮರೆತರು.

ಹೊರಡುವಾಗ ಮೇಡಂ ಹೇಳಿದರು: "ಮೇಷ್ಟ್ರೇ, ಈ ನಾಟಕ ತಾಲ್ಲೂಕಿನ ಎಲ್ಲಾ ಶಾಲೆಲೂ ಆಗ್ಬೇಕು. ಈ ವರ್ಷ ನಿಮ್ಮನ್ನ ಎಲ್ಲಿಗೂ ಬಿಡಲ್ಲ. ಸೋಮವಾರ ಶಿಡ್ಲಘಟ್ಟದಲ್ಲಿ ಶುರು. ಜಗಳ ಮಾತ್ರ ಇಷ್ಟೇ ಜೋರಾಗಿರ್ಲಿ. ಕಮ್ಮಿ ಆದ್ರೆ ನೀವೇ ಜವಾಬ್ದಾರಿ!"

ಮೇಷ್ಟ್ರು ಅಡುಗೆಮನೆಗೆ ಓಡಿದರು. ಅಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಮೇಷ್ಟ್ರು ಮೆಲ್ಲಗೆ ಪಕ್ಕದಲ್ಲಿ ಕೂತರು.

"ಅಲ್ಲ ಕೊಂಡಮ್ಮ, ನಿಮ್ ಸಾಂಬಾರು ಬರೀ ನೀರು ಅಂತ ಗಂಗುಲಮ್ಮ ಊರೆಲ್ಲ ಹೇಳ್ಕೊಂಡು ಬಂದ್ರಂತಲ್ಲ?"

"ಹೇಳ್ಳಿ ಬಿಡಿ, ನಮ್ಮಕ್ಕ ತಾನೆ" ಎಂದಳು ಕೊಂಡಮ್ಮ. ಆಮೇಲೆ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲ ಸಾ, ಶಾಂತಿ ಮೇಷ್ಟ್ರಾಗಿ ನಿಮಗ್ಯಾಕೆ ಈ ಚಾಡಿ ಬುದ್ಧಿ?"