ಕಣ್ಣು ಕೇಳಿದ ಮಷಿನ್ನು

ಮಷಿನ್ನು ಕೈಕೊಟ್ರೆ ಬೈಸಿಕೊಳ್ಳೋನು ಅದರ ಮುಂದೆ ಕೂತೋನು, ಎಲ್ಲಾ ಕಾಲಕ್ಕೂ ಇದೇ ಕತೆ. ಮಾಡದಕೆರೆ ಕಡೆ ಒಂದು ಆಫೀಸಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಪಿಂಚಣಿ ತಗೊಳ್ಳೋರು ಬದುಕಿದ್ದಾರೆ ಅಂತ ಮಷಿನ್ನಿಗೆ ನಂಬಿಸೋದು ನನ್ನ ಕೆಲಸ. ಅದೂ ಗುತ್ತಿಗೆ ಕೆಲಸ, ದೂರು ಬಂದಷ್ಟೂ ಕುತ್ತಿಗೆಗೆ ಬರ್ತಿತ್ತು.

ಹೆಬ್ಬೆಟ್ಟು

ರಿಟೈರಾದ ಮೇಷ್ಟ್ರೊಬ್ಬರು ಬಂದ್ರು. ಇಸ್ತ್ರಿ ಅಂಗಿ, ಜೇಬಲ್ಲಿ ಪೆನ್ನು. ಬೆರಳಿನ ಮಷಿನ್ ಮುಂದಕ್ಕೆ ತಳ್ಳಿ, "ಸಾರ್, ಹೆಬ್ಬೆಟ್ಟು ಒತ್ರಿ" ಅಂದೆ. ಅಷ್ಟೇ ನಾನಂದಿದ್ದು.

"ಊರಿಗೆಲ್ಲ ಸಹಿ ಹಾಕೋದು ಕಲ್ಸಿದೋನು ನಾನು. ನನ್ನನ್ನೇ ಹೆಬ್ಬೆಟ್ಟು ಅಂತೀಯಾ?"

"ಮಷಿನ್ನಿಗೆ ಸಹಿ ಆಗಲ್ಲ ಸಾರ್."

"ಹಂಗಾದ್ರೆ ಆ ಮಷಿನ್ನೇ ಹೆಬ್ಬೆಟ್ಟು."

ಅಲ್ಲೇ ಕುಂತು ನನ್ನ ಮೇಲೆ ದೂರು ಬರೆದ್ರು. ಕೆಳಗೆ ಸಹಿ ಮುತ್ತು ಪೋಣಿಸಿದಂಗಿತ್ತು, ನೋಡಿ ಮೈಯೆಲ್ಲ ಉರಿದುಹೋಯ್ತು.

ಸರ್ವರ್ರು

ಕುರಿ ಕಾಯೋ ಯಜಮಾನರೊಬ್ಬರು ಬಂದಾಗೆಲ್ಲ ನಮ್ಮ ಇಂಟರ್ನೆಟ್ಟಿಗೆ ಗ್ರಹಚಾರ. "ಸರ್ವರ್ ಬಂದಿಲ್ಲ, ನಾಳೆ ಬರ್ರಿ" ಅಂತ ಕಳಿಸ್ತಿದ್ದೆ. ಮಾರನೇ ದಿನಾನೂ ಅದೇ. ಕೊನೆಗೆ ಟವಲ್ ಕೊಡವಿ ಎದ್ರು.

"ನಾನು ಒಂದಿನ ತಪ್ಪಿಸ್ಕಂಡ್ರೆ ಕುರಿ ತೋಳದ ಪಾಲು. ಆ ಸರ್ವರಪ್ಪ ದಿನಾ ರಜೆ ಹಾಕ್ತಾನೆ, ಅವ್ನಿಗೆ ಕೇಳೋರೇ ಇಲ್ವೇನು?"

ಸೀದಾ ಹೋಗಿ ಸರ್ವರ್ ಮೇಲೇ ದೂರು ಕೊಟ್ರು. ಸರ್ವರ್ರಿಗೆ ನೋಟಿಸ್ ಕೊಡೋಕಾಗುತ್ತಾ? ನನಗೆ ಕೊಟ್ರು. ಇನ್ನೊಂದು ದೂರು ಬಂದ್ರೆ ಕೆಲಸ ಇಲ್ಲ ಅಂತ ಬೇರೆ. ನಾನೇನು ಸರ್ವರ್ರಿಗೆ ಅಣ್ಣನಾ ತಮ್ಮನಾ?

ಕಣ್ಣು

ಬೆರಳು ಸವೆದೋರಿಗೆ ಅಂತ ಮುಖ ನೋಡೋ ಆ್ಯಪ್ ಕಳಿಸಿದ್ರು. ಫೋನ್ ಮುಂದೆ ರೆಪ್ಪೆ ಬಡಿದ್ರೆ ಮಾತ್ರ ಮನುಷ್ಯ ಬದುಕಿದ್ದಾನೆ ಅಂತ ಒಪ್ಪುತ್ತಂತೆ. ಯಾವ ಪುಣ್ಯಾತ್ಮನಿಗೆ ಹೊಳೀತೋ. ನನ್ನ ಹಣೆಬರಹಕ್ಕೆ ಅವತ್ತೇ ಮೇಲಿನ ಸಾಹೇಬ್ರು ತಪಾಸಣೆಗೆ ಬಂದು ಬೆನ್ನ ಹಿಂದೆ ನಿಂತಿದ್ರು. ಎದುರಿಗೆ ಒಬ್ಬ ಅಜ್ಜಿ. ಫೋನನ್ನೇ ದುರುಗುಟ್ಟಿಕೊಂಡು ಕುಂತವಳೆ, ರೆಪ್ಪೆ ಅಲ್ಲಾಡಲ್ಲ. ರೆಪ್ಪೆ ಬಡಿ ಅನ್ನೋ ಬದಲು ಗಾಬರಿಗೆ ನನ್ನ ಬಾಯಲ್ಲಿ, "ಅಜ್ಜಿ, ಒಂದ್ಸಲ ಕಣ್ಣು ಹೊಡಿ" ಅಂತ ಬಂದುಬಿಡ್ತು.

ಸಾಲಲ್ಲಿದ್ದೋರೆಲ್ಲ ಕತ್ತು ಚಾಚಿ ನನ್ನ ಕಡೆ ನೋಡಿದ್ರು.

"ಲೇ, ನನ್ ಮೊಮ್ಮಗನ ವಯಸ್ಸು ನಿಂದು" ಅಂತ ಅಜ್ಜಿ ಎದ್ದು ನಿಂತಳು.

"ನಾಳೆಯಿಂದ ನೀನು ಕೆಲಸಕ್ಕೆ ಬರ್ಬೇಡ" ಅಂದ್ರು ಸಾಹೇಬ್ರು.

ನನಗೂ ತಲೆ ಕೆಟ್ಟಿತ್ತು. ಹೋಗೋ ಕೆಲಸ ಹೆಂಗೂ ಹೋಗ್ತೈತೆ. "ನೀವೇ ಮಾಡ್ಸಿ ಸಾರ್" ಅಂತ ಫೋನನ್ನ ಅವರ ಕೈಗೆ ತುರುಕಿದೆ.

ಸಾಹೇಬ್ರು ದನಿ ಇಳಿಸಿ, "ಅಮ್ಮಾ, ಮಷಿನ್ನು ಕೇಳ್ತೈತೆ. ನೋಡ್ರಿ, ಹಿಂಗೆ" ಅಂತ ಬಗ್ಗಿ ಮಾಡಿ ತೋರಿಸಿದ್ರು. ಅವರಿಗೂ ಗಡಿಬಿಡಿ, ಮುಚ್ಚಿದ್ದು ಒಂದೇ ಕಣ್ಣು.

ಅಜ್ಜಿ ಅವರನ್ನ ಮೇಲಿಂದ ಕೆಳಗಿನ ತನಕ ನೋಡಿದಳು.

"ಈ ಹುಡುಗ ಬರೀ ಬಾಯಲ್ಲಿ ಅಂದ. ನೀವು ಹೊಡೆದೇಬಿಟ್ರಲ್ರೀ. ಈಗ ಕೆಲಸದಿಂದ ಯಾರ್ನ ತೆಗಿಯಾಣ?"