ಓನರ್ ನಾಯಿಯ ಮಂಡಿ

ನೀಲಕಂಠಪ್ಪ ಹಾಲು ತಂದು ಗೇಟು ಹಾಕುವಾಗ ಅದಕ್ಕೆ ಏನೋ ಮೆತ್ತಗೆ ತಗುಲಿತು. ಅಷ್ಟೇ. ತಿರುಗಿ ನೋಡಿದರೆ ಓನರ್ ಬೈರಣ್ಣನವರ ಎಂಟು ತಿಂಗಳ ನಾಯಿ ಕೈಸರ್ ಹಿಂಗಾಲು ಎತ್ತಿಕೊಂಡು ಕುಂಟುತ್ತಿತ್ತು. ಅವನು ಸರಕ್ಕನೆ ಮೇಲಿನ ಮಹಡಿಯತ್ತ ನೋಡಿದ.

ಬಿಟಿಎಂ ಲೇಔಟಿನಲ್ಲಿ ಕೆಳಗಿನ ಮಹಡಿಯ ಈ ಒಂದು ರೂಮಿಗಾಗಿ ಅವನು ಒಂಬತ್ತು ಓನರುಗಳ ಮುಂದೆ ಕೈಕಟ್ಟಿ ನಿಂತಿದ್ದ. ಊರು ಕೇಳಿದರು, ಜಾತಿ ಕೇಳಿದರು, ಬಾಗಿಲು ಹಾಕಿಕೊಂಡರು. ಈಗ ಹೆಂಡತಿ ತಂಗೆವ್ವ ಏಳು ತಿಂಗಳ ಬಸುರಿ.

"ಯಾವನ್ಲಾ ಒದ್ದಿದ್ದು?" ಬೈರಣ್ಣ ಗುಡುಗಿದರು. "ಗೊತ್ತಾಗ್ಲಿ, ಇವತ್ತೇ ಸಾಮಾನು ಬೀದಿಗೆ!"

ಅವರ ತಾಯಿ ಮುನಿವೆಂಕಟಮ್ಮ ಉಪ್ಪು, ಮೆಣಸಿನಕಾಯಿ ತಂದು ನಾಯಿಗೆ ದೃಷ್ಟಿ ತೆಗೆದರು. "ಬಾಡ್ಗೆಯೋರ ಕಣ್ಣೇ ಕಣಪ್ಪಾ ಬಿದ್ದಿರೋದು!"

ಹೋದ ತಿಂಗಳು ನೀಲಕಂಠಪ್ಪ ಡೆಂಗಿಯಲ್ಲಿ ನರಳುವಾಗ ಇಣುಕಿ ನೋಡದ ಬೀದಿ ಈಗ ನಾಯಿಯ ಮಂಡಿಯ ಸುತ್ತ ನೆರೆದಿತ್ತು.

"ನೀಲಕಂಠಪ್ಪ, ಎತ್ಕೊಳ್ಳಿ. ಆಸ್ಪತ್ರೆಗೆ ನಡೀರಿ," ಎಂದರು ಬೈರಣ್ಣ.

ಆಟೊದಲ್ಲಿ ಮೂವತ್ತು ಕೆಜಿಯ ಕೈಸರ್ ಅವನ ತೊಡೆಯೇರಿ, ತನಿಖೆಗೆ ಬಂದ ಇನ್‌ಸ್ಪೆಕ್ಟರನಂತೆ ಮುಖವನ್ನೇ ದಿಟ್ಟಿಸಿತು. ಇದಕ್ಕೆ ಮಾತು ಬಂದರೆ? ಅವನ ಬೆನ್ನು ಬೆವೆತು ಸೀಟಿಗೆ ಅಂಟಿತು.

ಡಾಕ್ಟರ್ ಮೇಘಶ್ರೀ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ನೀಲಕಂಠಪ್ಪನಿಗೆ ಅದರಲ್ಲಿ ತನ್ನ ಬೆರಳಚ್ಚೇ ಕಂಡಂತಾಯಿತು.

"ನಾ ಬೇಕಂತ ಮಾಡಿಲ್ರೀ ಮೇಡಂ..."

"ಯಾರೂ ಏನೂ ಮಾಡಿಲ್ಲ ಬಿಡಿ. ದೊಡ್ಡ ತಳಿಯ ಮರಿ, ಸರಸರ ಬೆಳೀತಿದೆ. ಮಂಡಿ ಒಳಗೆ ಮೃದುವಾದ ಮೂಳೆ ಸರಿಯಾಗಿ ಬಲಿತಿಲ್ಲ, ಒಂದು ಚೂರು ಎದ್ದುಬಂದಿದೆ. ಒಳಗೊಳಗೇ ಎಷ್ಟು ದಿನದಿಂದ ಇತ್ತೋ. ಆಪರೇಷನ್ ಮಾಡಿ ಚೂರು ತೆಗೆದು, ಅಡಿಯ ಮೂಳೆ ಕೆರೆದುಬಿಟ್ಟರೆ ಓಡಾಡುತ್ತೆ."

ನೀಲಕಂಠಪ್ಪನಿಗೆ ಉಸಿರು ಬಂತು. ಸಂಜೆ ಆಪರೇಷನ್ ಮುಗಿದು ಬ್ಯಾಂಡೇಜು ಸುತ್ತಿದ ಕೈಸರ್ ಹೊರಬಂದಾಗ ಬೈರಣ್ಣ ಅವನ ಕೈ ಹಿಡಿದುಕೊಂಡರು. "ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ. ನೀವು ನಮ್ಮನೆಯೋರೇ."

"ಆರು ವಾರ ಮೆಟ್ಟಿಲು ಹತ್ತಿಸಲೇಬಾರದು," ಎಂದರು ಡಾಕ್ಟರ್. "ನಿಮ್ಮನೆ ಎಷ್ಟನೇ ಮಹಡಿ?"

"ಮೂರನೇದು." ಬೈರಣ್ಣ ಯೋಚಿಸಿದರು. ಆಮೇಲೆ ಪ್ರೀತಿಯಿಂದ ನೀಲಕಂಠಪ್ಪನ ಹೆಗಲ ಮೇಲೆ ಕೈಯಿಟ್ಟರು. "ನಿಮ್ ರೂಮು ಕೈಸರ್‌ಗೆ ಬಿಡ್ರಿ. ಟೆರೇಸಲ್ಲಿ ಟ್ಯಾಂಕ್ ಪಕ್ಕ ಶೀಟ್ ರೂಮೈತೆ, ಗಾಳಿ ಸಖತ್ತಾಗ್ ಬರ್ತದೆ. ರಾತ್ರಿಯೊಳಗೆ ಸಾಮಾನು ಹತ್ತಿಸ್ಬಿಡಿ."

"ಸರ್, ತಂಗೆವ್ವಗ ಏಳು ತಿಂಗಳ್ರೀ... ಅಷ್ಟು ಮೆಟ್ಟಲಾ ಹೆಂಗ ಹತ್ತತಾಳ್ರೀ?"

ಬೈರಣ್ಣನವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಯಾಕೆ? ಆಯಮ್ಮನ್ ಮಂಡಿಗೇನಾಗೈತೆ?"