ಐದು ಮನೆಗೆ ಒಂದು ಮೇಜು

ನಮ್ಮನೆಯವರಷ್ಟು ನಾಚಿಕೆಯಿಲ್ಲದೆ ಕೇಳಿ ತರುವ ಮನುಷ್ಯ ಲಂಡನ್ನಿನ ಈ ಇಡೀ ಹ್ಯಾರೋದಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ! ಆ ಕೊನೆಯ ಮಾಮೂಲು ಶನಿವಾರದ ಬೆಳಿಗ್ಗೆಯೂ ಅವರು ಎದುರು ಮನೆಗೆ ಏಣಿ ಕೇಳಲು ಹೊರಟಿದ್ದರು. ನಮ್ಮ ಹಿತ್ತಲ ಶೆಡ್ಡಿನಲ್ಲಿ ಎರಡು ಏಣಿಗಳಿದ್ದವು, ಒಂದು ಉದ್ದದ್ದು, ಒಂದು ಗಿಡ್ಡದ್ದು. ಮೂರನೆಯದು ಯಾವ ಎತ್ತರಕ್ಕೆ?

"ಅಲ್ರೀ, ಶೆಡ್ಡಿನ್ಯಾಗಿನ ಏಣಿಗೆ ಏನ ಧಾಡಿ ಆಗೇದ?" ಎಂದೆ.

"ಏನೂ ಆಗಿಲ್ಲ. ಆದ್ರ ಅದರ ಜೋಡಿ ಮನಶ್ಯಾ ಬರಂಗಿಲ್ಲಲ್ಲ!"

ಮನುಷ್ಯ ಬಂದರು. ಏಣಿಯ ಆ ತುದಿಗೆ ಎದುರು ಮನೆಯ ಇಂಗ್ಲಿಷ್ ಮುದುಕರು, ಈ ತುದಿಗೆ ಇವರು, ನಡುವೆ ದಾರಿಗಾಗಿ ಕಾಯುತ್ತ ನಿಂತ ಒಂದು ಡೆಲಿವರಿ ವ್ಯಾನು. ಏಣಿ ನಮ್ಮ ಹಾಲಿಗೆ ಬಂತು. ಇವರು ಹತ್ತಿ, ಒಂದು ಬಲ್ಬು ಬಿಚ್ಚಿ ಇನ್ನೊಂದು ಹಾಕಿದರು.

"ನಾವು ಬಂದಾಗ ಆ ಬಲ್ಬು ಉರಿಯುತ್ತಿತ್ತಲ್ಲವೇ?" ಎಂದು ಮುದುಕರು ಮೆಲ್ಲಗೆ ಕೇಳಿದರು.

"ಉರಿಯುತ್ತಿತ್ತು. ಕೆಡುವವರೆಗೆ ಕಾದರೆ ಕತ್ತಲೆಯಲ್ಲಿ ಬದಲಿಸಬೇಕಾಗುತ್ತದೆ" ಎಂದು ಇವರು ಗಂಭೀರವಾಗಿ ಉತ್ತರ ಕೊಟ್ಟರು. ಮುದುಕರು ಯೋಚಿಸಿ ನೋಡಿ, ಮಾತು ಸರಿಯೆಂದು ತಲೆಯಾಡಿಸಿ, ಎರಡು ಕಪ್ಪು ಚಹಾ ಕುಡಿದು ಹೋದರು. ರಾತ್ರಿ ನಾವು ಭಕ್ರಿ, ಝುಣಕ ಉಂಡೆವು. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂದು ಎಂದಿನಂತೆ ಜಗಳಾಡಿ ಮಲಗಿದೆವು. ಮರುದಿನ ಬೆಳಿಗ್ಗೆ ಇವರ ಹೃದಯ ನಿಂತುಹೋಯಿತು. ಅದರ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಬರೆಯಲಾಗದು. ಇವರ ಬಗ್ಗೆ ಬರೆಯಬಲ್ಲೆ.

ಇವರು ಧಾರವಾಡದಿಂದ ಬಂದು ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. "ಉಸಿರು ಹಿಡಿಯಿರಿ, ಅಲುಗಬೇಡಿ, ಮಾತಾಡಬೇಡಿ." ಮಾತೇ ಉಸಿರಾದವನಿಗೆ ದೇವರು ಇದಕ್ಕಿಂತ ಕಠಿಣವಾದ ನೌಕರಿ ಕೊಡಬಹುದೇ? ನಿವೃತ್ತರಾದ ದಿನ ಮನೆಗೆ ಬಂದವರೇ, ಕೋಟು ಬಿಚ್ಚುವ ಮೊದಲೇ ಘೋಷಿಸಿದರು: "ಇಷ್ಟ ವರ್ಷ ಮಂದಿ ಎಲುಬು ನೋಡೇನಿ. ಇನ್ನ ಮಂದೀನ್ನ ನೋಡ್ತೀನಿ!"

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದರು. ದೀಪಾವಳಿಗೆ ನನ್ನಿಂದ ಬೇಸನ್ ಉಂಡಿ ಕಟ್ಟಿಸಿ ಬೀದಿಯ ಮನೆಮನೆಗೂ ಕೊಟ್ಟುಬಂದರು. ಮರುದಿನ ನಮ್ಮ ಬಾಗಿಲ ಸಂದಿಯಿಂದ ಧನ್ಯವಾದದ ಕಾರ್ಡುಗಳು ಒಳಗೆ ಬಿದ್ದವು. ಎಂಥ ಚೆಂದದ ಕಾರ್ಡುಗಳು! ಆದರೆ ಬೆಲ್ಲು ಒತ್ತಿದವರು ಒಬ್ಬರೂ ಇಲ್ಲ. ಇವರು ಆ ಕಾರ್ಡುಗಳನ್ನು ಎಕ್ಸ್‌ರೇ ಫಿಲ್ಮಿನಂತೆ ಬೆಳಕಿಗೆ ಹಿಡಿದು ನೋಡಿ ರೋಗ ಕಂಡುಹಿಡಿದರು.

"ನೋಡು, ಈ ಊರಾಗ ಕೊಡ್ಲಿಕ್ಕೆ ಹೋದ್ರ ಮಂದಿ ಹೆದರ್ತಾರ. ತಿರುಗಿ ಏನ ಕೊಡ್ಲಿ ಅಂತ ಚಿಂತಿ ಹತ್ತತದ ಅವರಿಗೆ. ಕೇಳ್ಲಿಕ್ಕೆ ಹೋಗು, ಬಾಗಲಾ ಪೂರಾ ತೆಗೀತಾರ!"

ಅಂದಿನಿಂದ ಶುರುವಾಯಿತು. ತಳ್ಳುಗಾಡಿ, ಅಳತೆಯ ಟೇಪು, ಕೊಡೆ. ಬಿಸಿಲಿನ ದಿನ ಕೊಡೆ! ಬೀದಿಯ ತುದಿ ಮನೆಯಲ್ಲಿ ಒಬ್ಬ ಹೆಂಗಸು ಒಂಟಿಯಾಗಿದ್ದರು, ಯಾರೊಡನೆಯೂ ಸೇರಿದವರಲ್ಲ. ಅವರ ಮನೆಯಿಂದ ವಾರಕ್ಕೊಮ್ಮೆ ಒಂದು ಉಳ್ಳಾಗಡ್ಡಿ. ನಮ್ಮ ಅಡುಗೆಮನೆಯಲ್ಲಿ ಉಳ್ಳಾಗಡ್ಡಿಯ ಇಡೀ ಚೀಲವೇ ಇತ್ತು.

"ನಾ ನಿಮ್ಮನ್ನ ಉಪಾಸ ಕೆಡವೇನಿ ಅಂತ ಮಂದಿ ಆಡಿಕೋತಾರ್ರೀ."

"ಆಡಿಕೊಳ್ಳಿ ಬಿಡು. ಅಷ್ಟರೆ ಮಾತಾಡ್ತಾರಲ್ಲ!"

ನಾನು ಮಾತು ಕಡಿಮೆಯವಳು. ಬೆಲ್ಲು ಬಾರಿಸಿದರೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುವವಳು. ಈ ಬೀದಿಗೆ ಬಂದು ಇಷ್ಟು ಕಾಲವಾದರೂ ನಾನಾಗಿ ಯಾರ ಬಾಗಿಲನ್ನೂ ತಟ್ಟಿದವಳಲ್ಲ. ತಟ್ಟಲು ಇವರಿದ್ದರಲ್ಲ!

ಹೀಗಿರುವಾಗ, ನೆರೆಹೊರೆಯವರನ್ನು ಒಟ್ಟುಗೂಡಿಸುವ ಸ್ಥಳೀಯರಿಗೆ ಕೌನ್ಸಿಲ್ಲಿನವರು ಸಣ್ಣ ಸಣ್ಣ ಅನುದಾನ ಕೊಡುತ್ತಾರೆಂದು ಸುದ್ದಿ ಬಂತು. ಕೇಳುವ ಅವಕಾಶವನ್ನು ಇವರು ಬಿಡುವುದುಂಟೇ? ಬೇಸಿಗೆಯ ಕೊನೆಯಲ್ಲಿ ಬೀದಿಯವರೆಲ್ಲ ಸೇರಿ ಊಟ ಮಾಡುವುದೆಂದು ಅರ್ಜಿ ಹಾಕಿಯೇಬಿಟ್ಟರು. ವಿಚಾರಿಸಲು ಕೌನ್ಸಿಲ್ಲಿನಿಂದ ಒಬ್ಬ ಹುಡುಗಿ ಮನೆಗೆ ಬಂದಳು.

"ಈ ಹಣದಿಂದ ಏನೇನು ಕೊಳ್ಳುತ್ತೀರಿ?"

"ಏನೂ ಇಲ್ಲ. ಕುರ್ಚಿ ಒಬ್ಬರವು, ತಟ್ಟೆ ಇನ್ನೊಬ್ಬರವು. ಎಲ್ಲ ಕೇಳಿ ತರುತ್ತೇನೆ."

"ಹಾಗಾದರೆ ಅರ್ಜಿ ಯಾಕೆ ಹಾಕಿದಿರಿ?"

"ನೀವು ಬಂದು ಕೂತು ಚಹಾ ಕುಡಿಯಲಿ ಎಂದು!"

ಹುಡುಗಿ ನಕ್ಕುನಕ್ಕು ಚಹಾ ಚೆಲ್ಲಿಕೊಂಡಳು. ಅನುದಾನವೂ ಮಂಜೂರಾಯಿತು. ಆದರೆ ಊಟಕ್ಕೆ ಬೇಕಾದ ಏನನ್ನಾದರೂ ಕೊಳ್ಳಲೇಬೇಕು, ಅದು ನಿಯಮ. ಇವರಿಗೆ ಸಂಕಟ ಶುರುವಾಯಿತು. ಹಾಲಿನ ಉದ್ದಗಲಕ್ಕೆ ತಿರುಗಾಡುತ್ತ, "ರೊಕ್ಕಾ ಬಂದ್ರ ಕೇಳೋದು ನಿಂತಹೋಗ್ತದ ಮಾರಾಯ್ತಿ. ಎಲ್ಲಾ ನಮ್ಮದs ಆಗಿಬಿಟ್ರ ಯಾರ ಮನೀಗೆ ಹೋಗ್ಲಿ?" ಎಂದು ಪೇಚಾಡಿದರು. ಅನುದಾನ ಬಂದದ್ದಕ್ಕೆ ಅತ್ತವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ.

ಕೊನೆಗೆ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿರುವಾಗಲೇ ಉಪಾಯ ಹೊಳೆಯಿತು. ಮೇಜು! ಉದ್ದನೆಯ ಮೇಜು, ಐದು ತುಂಡಿನದು, ಒಂದೊಂದು ತುಂಡು ಒಂದೊಂದು ಮನೆಯಲ್ಲಿ. ಎರಡು ಮನೆ ಆಚೆ ಪೋಲೆಂಡಿನ ಬಡಗಿಯೊಬ್ಬನಿದ್ದ. ಅವನಿಗೆ ಇವರು ಹೇಳಿದ ಲೆಕ್ಕ ಹೀಗೆ: ನಡುವಿನ ತುಂಡಿಗೆ ಮಾತ್ರ ನಾಲ್ಕು ಕಾಲು. ಉಳಿದ ನಾಲ್ಕಕ್ಕೆ ಎರಡೆರಡೇ ಕಾಲು, ಪಕ್ಕದ ತುಂಡಿಗೆ ಕೊಕ್ಕೆ ಸಿಕ್ಕಿಸಿದರೆ ಮಾತ್ರ ನಿಲ್ಲಬೇಕು.

"ಅಂದರೆ ನಡುವಿನದು ಬರದಿದ್ದರೆ ಉಳಿದವೆಲ್ಲ ಬೀಳುತ್ತವೆ!" ಎಂದ ಬಡಗಿ.

"ಅದೇ ಬೇಕಾದದ್ದು."

"ಇದು ಮೇಜಲ್ಲ, ತಲೆನೋವು" ಎಂದು ಬೈಯುತ್ತಲೇ ಅವನು ಸೊಗಸಾಗಿ ಮಾಡಿಕೊಟ್ಟ. ಒಂದು ತುಂಡು ನಮಗೆ, ಒಂದು ಎದುರಿನ ಮುದುಕರಿಗೆ, ಒಂದು ಬಡಗಿಗೆ, ಒಂದು ಮೂಲೆ ಮನೆಯ ಗುಜರಾತಿ ಅಜ್ಜಿಗೆ. ನಡುವಿನದು? ಅದನ್ನು ಒಯ್ದು ತುದಿ ಮನೆಯ ಆ ಹೆಂಗಸಿಗೇ ಕೊಟ್ಟುಬಂದರು!

ನನಗೆ ತಡೆಯಲಾಗಲಿಲ್ಲ. "ಅಕಿ ಹೊಸ್ತಿಲಾ ದಾಟಿದ್ದನ್ನ ಯಾರೂ ನೋಡಿಲ್ಲ. ಅಕಿಗೇ ನಡುವಿಂದು ಕೊಡ್ತೀರಲ್ಲ, ನಿಮಗ ಬುದ್ಧಿ ಅದನೋ ಇಲ್ಲೋ?"

"ಬರೋವ್ರು ಹೆಂಗಿದ್ರೂ ಬರ್ತಾರ. ಬರಲಾರ್ದವರಿಗೇ ನಡುವಿಂದು ಕೊಡಬೇಕು. ಆ ದಿನಾ ನಾ ಹೋಗಿ ಕೇಳ್ತೀನಿ, ನೋಡ್ತಿರು."

ಆ ದಿನಕ್ಕೆ ಕೆಲವು ವಾರಗಳಿರುವಾಗ ಇವರು ಹೋದರು.

ಬೀದಿಯವರು ಒಳ್ಳೆಯವರು. ನಮ್ಮ ಹೊಸ್ತಿಲಲ್ಲಿ ಹೂವು ಇಟ್ಟರು, ಸೂಪಿನ ಡಬ್ಬಿ ಇಟ್ಟರು, ಕಾರ್ಡು ಹಾಕಿದರು, ಬೆಲ್ಲು ಒತ್ತದೆ ಹೋದರು. ನಾನು ಒಳಗೆ, ಅವರು ಹೊರಗೆ. ಕೌನ್ಸಿಲ್ಲಿನ ಹುಡುಗಿ ಫೋನು ಮಾಡಿ, "ನಿಮಗೆ ಕಷ್ಟವಾದರೆ ಊಟ ಬಿಟ್ಟುಬಿಡೋಣ, ಯಾರೂ ಏನೂ ಅನ್ನುವುದಿಲ್ಲ" ಎಂದಳು. ಬಿಟ್ಟುಬಿಡೋಣ ಎನ್ನಲು ನನ್ನ ಬಾಯಿ ತೆರೆದಿತ್ತು. ಆದರೆ ಬಿಟ್ಟರೆ ಇವರು ಇಷ್ಟು ವರ್ಷ ಊರೆಲ್ಲ ಕೇಳಿ ತಿರುಗಿದ್ದು ಬರೀ ಹುಚ್ಚು ಎಂದಾಗುತ್ತದಲ್ಲ? ಹುಚ್ಚೇ ಇರಬಹುದು. ಹಾಗೆನ್ನುವ ಹಕ್ಕು ನನ್ನೊಬ್ಬಳದು! "ಆಗುತ್ತದೆ" ಎಂದುಬಿಟ್ಟೆ.

ಊಟದ ದಿನ, ಭಾನುವಾರ ಬೆಳಿಗ್ಗೆ, ತುದಿ ಮನೆಯ ಬೆಲ್ಲು ಒತ್ತಿದೆ. ಓಡಿಹೋಗುವ ಮನಸ್ಸಾಯಿತು. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷೆಲ್ಲ ಎಲ್ಲಿಗೋ ಹೋಯಿತು.

"ಮೇಜು... ನಿಮ್ಮ ತುಂಡು ಬೇಕಾಗಿತ್ತು" ಎಂದೆ.

ಆಕೆ ನನ್ನನ್ನೇ ನೋಡಿದರು. "ಇನ್ನು ಯಾರೂ ಕೇಳಲು ಬರುವುದಿಲ್ಲ ಎಂದುಕೊಂಡಿದ್ದೆ."

ಸರಪಳಿ ಕಳಚಿತು. ಒಳಗೆ ಮೇಜಿನ ತುಂಡಿನ ಮೇಲೆ ಎರಡು ಬೆಕ್ಕುಗಳು ಸಿಂಹಾಸನವೇರಿದಂತೆ ಮಲಗಿದ್ದವು. ಅವನ್ನು ಇಳಿಸುವುದು ಕೌನ್ಸಿಲ್ಲಿನಿಂದ ಅನುದಾನ ಪಡೆದದ್ದಕ್ಕಿಂತ ಕಷ್ಟವಾಯಿತು! ಆಮೇಲೆ ಒಂದು ತುದಿ ಆಕೆ, ಒಂದು ತುದಿ ನಾನು. ಬಡಗಿ ಅದನ್ನು ಮರದಿಂದ ಮಾಡಿದ್ದನೋ ಕಬ್ಬಿಣದಿಂದಲೋ! ಗೇಟು ಗೇಟಿಗೂ ಇಳಿಸಿ ಉಸಿರು ತೆಗೆದುಕೊಂಡೆವು. ಅಂಥ ಒಂದು ಗೇಟಿನ ಬಳಿ ಆಕೆ ಕೇಳಿದರು:

"ನಿಮ್ಮ ಮನೆಯಲ್ಲಿ ಈರುಳ್ಳಿ ಬಹಳ ಖರ್ಚಾಗುತ್ತಿತ್ತೇ?"

ಏನು ಹೇಳಲಿ? "ಹೌದು, ಬಹಳ" ಎಂದೆ.

"ನಾನು ಈರುಳ್ಳಿ ತಿನ್ನುವುದೇ ಇಲ್ಲ. ಅವರು ಕೇಳುತ್ತಾರಲ್ಲ ಎಂದು ತಂದಿಡುತ್ತಿದ್ದೆ."

ಇಬ್ಬರೂ ಮತ್ತೆ ಮೇಜು ಎತ್ತಿಕೊಂಡೆವು.

ಮುದುಕರು, ಬಡಗಿ, ಅಜ್ಜಿ ತಮ್ಮ ತಮ್ಮ ತುಂಡು ಹಿಡಿದು ಬೀದಿಯಲ್ಲಿ ಕಾಯುತ್ತ ನಿಂತಿದ್ದರು. ನಮ್ಮ ಮನೆಯ ತುಂಡನ್ನೂ ಬಡಗಿ ಹೊತ್ತು ತಂದ. ಕೊಕ್ಕೆಗಳು ಕೂಡಿಕೊಂಡವು, ಮೇಜು ನಿಂತಿತು. ಬೇರೆ ಮನೆಗಳವರೂ ಕುರ್ಚಿ ಹೊತ್ತು ಬಂದರು. ಎಂಥ ಊಟವಾಯಿತೆನ್ನುತ್ತೀರಿ! ಗುಜರಾತಿ ಅಜ್ಜಿ ಬಡಗಿಯ ಗಡ್ಡ ಹಿಡಿದು, "ಇದನ್ನು ತೆಗೆ ಮಗನೇ, ಹುಡುಗಿ ಸಿಗುತ್ತಾಳೆ" ಎಂದರು. ಅವನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು! ಮುದುಕರು ಹಸಿಮೆಣಸಿನಕಾಯಿಯನ್ನು ಬೀನ್ಸೆಂದು ತಿಳಿದು ಪೂರ್ತಿ ಕಡಿದು, ಕಣ್ಣಲ್ಲಿ ನೀರು ಸುರಿಸುತ್ತ, "ಬಹಳ ಸ್ವಾರಸ್ಯವಾಗಿದೆ" ಎಂದರು. ತುದಿ ಮನೆಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.

ಸಂಜೆ ಎಲ್ಲರೂ ಅವರವರ ತುಂಡು ಹೊತ್ತು ಹೋದರು. ನಾನು ಒಳಗೆ ಬಂದು ಕೂತೆ. ಹೇಳುವುದು ರಾಶಿ ಇತ್ತು. ಸ್ಟ್ರಾಟ್‌ಫರ್ಡಿನಲ್ಲಿರುವ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳಿಗೆ ನನ್ನ ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. "ಲವ್ಲಿ, ಅಮ್ಮಾ" ಎಂದಳು, ಸ್ವಲ್ಪ ಅತ್ತಳು. ಫೋನು ಇಟ್ಟೆ.

ನಾನು ಒಂದು ಮಾತು ಹೇಳಿ ನಿಲ್ಲಿಸಿದರೆ, "ಹೌದ? ಮುಂದ?" ಎಂದು ಕೇಳುವವರು ಈ ಮನೆಯಲ್ಲಿ ಈಗ ಇಲ್ಲ.